ಹನೂರು ಕಡೆಯ ಕಾಡಂಚಿನ ಹಳ್ಳಿಯಲ್ಲಿ ರಾಗಿ ಮಾಲ್ಟ್: ಬೆಂಗಳೂರಿಗೆ ಕಳಿಸೋದಾ, ಮೊದಲು ಊರಿಗೇ ಗಿರಣಿ ಹಾಕೋದಾ?

ಬನಶಂಕರಿ_ಸಂಜೆ
ಎಲ್ಲರಿಗೂ ನಮಸ್ಕಾರ. ಹನೂರು ತಾಲ್ಲೂಕಿನ ಕಾಡಂಚಿನ ಒಂದು ಹಳ್ಳಿ, ಸುಮಾರು 120 ಮನೆ. ದಿನಕ್ಕೆ ಎರಡು ಹೊತ್ತು ಬಸ್ಸು. ಅಲ್ಲಿನ ಸ್ವಸಹಾಯ ಸಂಘದ ಆರು ಜನ ಹೆಣ್ಣುಮಕ್ಕಳು ಮೊಳಕೆ ರಾಗಿ ಮಾಲ್ಟ್ ಮಾಡಿ ಬೆಂಗಳೂರಿಗೆ ಕಳಿಸಬೇಕು ಅಂತಿದ್ದಾರೆ. ರಾಗಿ ಊರಲ್ಲೇ ಬೆಳೆಯುತ್ತೆ. ಸಂಘದ ಉಳಿತಾಯ 60 ಸಾವಿರ ಇದೆ. ಯಾವ ಯಂತ್ರ ತಗೋಬೇಕು, ಕಾಗದಪತ್ರ ಏನೇನು ಬೇಕು, ಸಬ್ಸಿಡಿ ನಿಜಕ್ಕೂ ಸಿಗುತ್ತಾ, ಬೆಂಗಳೂರಲ್ಲಿ ಎಂಥ ಕಡೆ ಮಾರಬಹುದು? ಈ ಕೆಲಸ ಗೊತ್ತಿರೋರು ಬಿಡಿಸಿ ಹೇಳಿ.

ಪೀಣ್ಯ_ಮೋಟಾರು
ಯಂತ್ರದ ವಿಚಾರ ಆಮೇಲೆ. ಮೊದಲು ಕರೆಂಟು ನೋಡಿಸಿ ಸರ್.

ಘಟಕ ಹಾಕೋ ಜಾಗಕ್ಕೆ ಕರೆಂಟು ಯಾವ ಲೈನಿಂದ ಬರ್ತಿದೆ ಅಂತ ಲೈನ್‌ಮನ್ ಹತ್ರ ಕೇಳಿ. ನಿರಂತರ ಜ್ಯೋತಿ ಲೈನಲ್ಲಿದ್ದರೆ (ಪಂಪ್‌ಸೆಟ್ಟಿಂದ ಬೇರೆ ಮಾಡಿ ಊರಿಗೇ ಎಳೆದಿರೋ ಲೈನು) ಊರೊಳಗೆ ದಿನವಿಡೀ ಸಿಂಗಲ್ ಫೇಸ್, ಅಂದರೆ ಮನೆಗೆ ಬರೋ ಮಾಮೂಲಿ ಕರೆಂಟು ಇರುತ್ತೆ. ಅದೇ ಜಾಗ ಊರಾಚೆ ತೋಟದಲ್ಲಿದ್ದರೆ ಪಂಪ್‌ಸೆಟ್ ಲೈನ್. ಅಲ್ಲಿ ತ್ರೀ ಫೇಸ್ ಬರೋದು ದಿನಕ್ಕೆ ಕೆಲವೇ ಗಂಟೆ, ಅದೂ ಹಗಲೋ ರಾತ್ರಿಯೋ ಪಾಳಿ ಪ್ರಕಾರ. ತೋಟದ ಶೆಡ್ಡು ಬಾಡಿಗೆಯಿಲ್ಲದೆ ಸಿಗುತ್ತೆ ಅಂತ ಅಲ್ಲಿ ಗಿರಣಿ ಹಾಕಿದರೆ ನಡುರಾತ್ರಿ ಎದ್ದು ಹಿಟ್ಟು ಮಾಡಬೇಕಾಗುತ್ತೆ.

ಎರಡನೇದು ವೋಲ್ಟೇಜು. ಲೈನಿನ ತುದಿ ಹಳ್ಳಿಗಳಲ್ಲಿ ಸಂಜೆ 6ರಿಂದ 9ರವರೆಗೆ 230 ಇರಬೇಕಾದದ್ದು 170–180ಕ್ಕೆ ಇಳಿಯೋದು ಸಾಮಾನ್ಯ. ಒಂದು ಮಲ್ಟಿಮೀಟರ್ ಕೊಟ್ಟು ಒಂದು ವಾರ ಬೆಳಗ್ಗೆ, ಮಧ್ಯಾಹ್ನ, ಸಂಜೆ ಬರೆದಿಡೋಕೆ ಹೇಳಿ. 200ಕ್ಕಿಂತ ಕೆಳಗೆ 3 ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಓಡಿಸಿದರೆ ಕರೆಂಟು ಜಾಸ್ತಿ ಎಳೆಯುತ್ತೆ, ವೈಂಡಿಂಗ್ (ಮೋಟಾರೊಳಗಿನ ತಂತಿ ಸುರುಳಿ) ಬಿಸಿಯಾಗುತ್ತೆ, ಮೊದಲು ಕೆಪಾಸಿಟರ್ ಹೋಗುತ್ತೆ, ಆಮೇಲೆ ಮೋಟಾರೇ ಸುಡುತ್ತೆ. ಓವರ್‌ಲೋಡ್ ರಿಲೇ (ಕರೆಂಟು ಜಾಸ್ತಿ ಎಳೆದರೆ ಮೋಟಾರು ತಾನೇ ನಿಲ್ಲಿಸೋದು) ಇರೋ ಸ್ಟಾರ್ಟರ್ ಕಡ್ಡಾಯ ಹಾಕಿಸಿ. ಮೀಟರಿಂದ ಮೋಟಾರಿಗೆ 4 ಚದರ ಮಿಮೀ ತಾಮ್ರದ ತಂತಿ, ಅರ್ತಿಂಗ್ ಬೇರೆಯಾಗಿ. ತಂತಿಯಲ್ಲಿ ಉಳಿಸೋಕೆ ಹೋಗಿ 1.5 ಹಾಕಿದರೆ ತಂತಿಯಲ್ಲೇ ಇನ್ನಷ್ಟು ವೋಲ್ಟೇಜು ಕಳೆದುಹೋಗುತ್ತೆ.

ಇನ್ನೊಂದು ಮಾತು, ಮನೆ ಮೀಟರಿಂದ ಗಿರಣಿ ಓಡಿಸಬೇಡಿ. ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 126ರಲ್ಲಿ ಅದು ಅನಧಿಕೃತ ಬಳಕೆ, ಎರಡು ಪಟ್ಟು ದರದಲ್ಲಿ ಹಿಂದಿನ ಬಾಕಿ ಹಾಕ್ತಾರೆ. ಯಾವಾಗಿಂದ ಅಂತ ಗೊತ್ತಾಗದಿದ್ದರೆ 12 ತಿಂಗಳ ಲೆಕ್ಕ. ಸಣ್ಣ ಸಂಘ ಅದರಿಂದ ಮೇಲೇಳೋದು ಕಷ್ಟ. ಕೈಗಾರಿಕೆ ಸಂಪರ್ಕಕ್ಕೇ ಅರ್ಜಿ ಹಾಕಿಸಿ. ಅದಕ್ಕೆ ಜಾಗದ ಇ-ಸ್ವತ್ತು (ಪಂಚಾಯಿತಿಯ ಆಸ್ತಿ ಪತ್ರ) ದಾಖಲೆ ಕೇಳ್ತಾರೆ, ಅದನ್ನು ಮೊದಲೇ ಪಂಚಾಯಿತಿಯಲ್ಲಿ ಮಾಡಿಸಿಟ್ಟುಕೊಳ್ಳಿ.

ಲೆಕ್ಕದ_ಹಾಳೆ
ಬೆಂಗಳೂರಿಗೆ ಮಾಲ್ಟ್ ಕಳಿಸಿದರೆ ಕೈಗೆ ಎಷ್ಟು ಉಳಿಯುತ್ತದೆ ಎಂದು ಒಂದು ಬ್ಯಾಚಿಗೆ ಲೆಕ್ಕ ಹಾಕೋಣ. ದರಗಳು ಲೆಕ್ಕಕ್ಕಾಗಿ ಹಿಡಿದವು, ನಿಮ್ಮೂರಿನ ದರ ಹಾಕಿ ಮತ್ತೆ ಮಾಡಿ.

ರಾಗಿ 100 ಕೆಜಿ, ಕೆಜಿಗೆ 50 ರೂಪಾಯಿ, ಒಟ್ಟು 5,000. 2025–26ರ ಬೆಂಬಲ ಬೆಲೆಯೇ ಕ್ವಿಂಟಲಿಗೆ 4,886 ಇರುವಾಗ ಇದಕ್ಕಿಂತ ಕಡಿಮೆ ಹಿಡಿಯುವುದು ಬೇಡ. ಸ್ವಂತ ಹೊಲದ ರಾಗಿಯಾದರೂ ಲೆಕ್ಕದಲ್ಲಿ ಬೆಲೆ ಬರೆಯಲೇಬೇಕು. ಅದನ್ನು ಸೊನ್ನೆ ಎಂದು ಬರೆದುಕೊಂಡ ಸಂಘಗಳೇ ಎರಡನೇ ವರ್ಷ ಮುಚ್ಚುವುದು. ಕಸ, ಕಲ್ಲು, ಜೊಳ್ಳು 3 ಕೆಜಿ ಹೋಗುತ್ತದೆ. ನೆನೆಸಿ ಮೊಳಕೆ ಬರಿಸಿ ಬೇರು ಉಜ್ಜಿ ತೆಗೆಯುವುದರಲ್ಲಿ ಸುಮಾರು 10, ಬೀಸಿ ಜರಡಿ ಹಿಡಿಯುವುದರಲ್ಲಿ 3. ಕೈಗೆ ಬರುವುದು 84 ಕೆಜಿ, ಅಂದರೆ ಅರ್ಧ ಕೆಜಿಯ 168 ಪೊಟ್ಟಣ.

ಕೂಲಿ ಆರು ಆಳಿನ ದಿನ, 400ರಂತೆ 2,400. ಕರೆಂಟು, ಸೌದೆ, ನೀರು 300. ಪೌಚು 5 ರೂಪಾಯಿಯಂತೆ 840. ಲೇಬಲ್ ಒಂದೂವರೆಯಂತೆ 252. ರಟ್ಟಿನ ಪೆಟ್ಟಿಗೆ, ಬಸ್ಸು ಸಾಗಣೆ 500. ಒಟ್ಟು 9,292, ಕೆಜಿಗೆ ಹತ್ತಿರ ಹತ್ತಿರ 111.

ಪೊಟ್ಟಣಕ್ಕೆ ಎಂಆರ್‌ಪಿ 90 ಎಂದುಕೊಳ್ಳಿ, 15,120. ಅಂಗಡಿಯವರ ಪಾಲು ನೂರಕ್ಕೆ 27 ಹೋದರೆ 11,038. ವಾಪಸ್ಸು ಬರುವ, ಪೊಟ್ಟಣ ಹರಿದುಹೋಗುವ ಮಾಲು ನೂರಕ್ಕೆ 5 ಹಿಡಿದರೆ 10,486. ಉಳಿಯುವುದು 1,200ಕ್ಕೆ ಸ್ವಲ್ಪ ಕಡಿಮೆ. ಬಾಡಿಗೆ, ಸಾಲದ ಬಡ್ಡಿ, ಯಂತ್ರದ ಸವಕಳಿ ಇನ್ನೂ ಇದರಲ್ಲಿಲ್ಲ. ಅಂಗಡಿಯಿಂದ ಹಣ ಬರುವುದು 45 ದಿನಕ್ಕೆ. ವಾರಕ್ಕೊಂದು ಬ್ಯಾಚು ಮಾಡಿದರೆ ಆರು ಬ್ಯಾಚಿನ ದುಡ್ಡು, ಸುಮಾರು 56 ಸಾವಿರ, ಹೊರಗೇ ಸುತ್ತುತ್ತಿರುತ್ತದೆ. ನಿಮ್ಮ 60 ಸಾವಿರ ಉಳಿತಾಯ ಅಲ್ಲಿಗೆ ಮುಗಿಯಿತು, ಯಂತ್ರ ಕೊಳ್ಳುವ ಮೊದಲೇ.

ಈಗ ಊರಿನ ಗಿರಣಿ. 120 ಮನೆ, ಮನೆಗೆ ತಿಂಗಳಿಗೆ 30 ಕೆಜಿ ಬೀಸುವುದಿದ್ದು, ಅರ್ಧ ಜನ ಮಾತ್ರ ಬಂದರೂ 1,800 ಕೆಜಿ. ಬೀಸುವ ಕೂಲಿ ಕೆಜಿಗೆ 5 ಎಂದರೆ 9,000. ಗಂಟೆಗೆ 30 ಕೆಜಿ ಬೀಸಿದರೆ 60 ಗಂಟೆ, 3 ಎಚ್‌ಪಿಗೆ ಗಂಟೆಗೆ ಸುಮಾರು 2.8 ಯೂನಿಟ್, ಒಟ್ಟು 168 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 1,350. ನಡೆಸುವವರಿಗೆ ಗಂಟೆಗೆ 50ರಂತೆ 3,000. ಉಳಿಯುವುದು 4,650, ಅದೂ ಅವತ್ತವತ್ತೇ ಕೈಗೆ ಬರುವ ನಗದು.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ: ಮೊದಲು ಊರಿಗೆ ಗಿರಣಿ. ಅದೇ ಯಂತ್ರದಲ್ಲಿ ಆಮೇಲೆ ಮಾಲ್ಟ್.

ಗಾಂಧಿಬಜಾರು_ಗಲ್ಲಾ
ಲೆಕ್ಕ ಸರಿಯಾಗಿದೆ, ಆದರೆ ತೀರ್ಮಾನ ಅರ್ಧ ಒಪ್ಪುತ್ತೇನೆ. ತಿಂಗಳಿಗೆ 4,650 ಒಬ್ಬರಿಗೆ ಪರವಾಗಿಲ್ಲ, ಆರು ಜನಕ್ಕೆ ಹಂಚಿದರೆ ಏನೂ ಇಲ್ಲ. ಐದು ಕಿಲೋಮೀಟರಲ್ಲಿ ಇನ್ನೊಂದು ಗಿರಣಿ ಇದ್ದರೆ ಅರ್ಧ ಮನೆಯವರು ಬರುತ್ತಾರೆಂಬ ಲೆಕ್ಕವೂ ತಪ್ಪುತ್ತದೆ. ಸಂಘ ನಿಲ್ಲಬೇಕಾದರೆ ಹೊರಗಿನ ದುಡ್ಡು ಊರೊಳಗೆ ಬರಲೇಬೇಕು.

ಅಂಗಡಿಗೆ ಇಡುವುದಕ್ಕಿಂತ ನೇರ ಮಾರಾಟ ನೋಡಿ. ಅಪಾರ್ಟ್‌ಮೆಂಟಿನ ಭಾನುವಾರದ ಸಂತೆಯಲ್ಲಿ ಅದೇ ಪೊಟ್ಟಣವನ್ನು 80ಕ್ಕೆ ಕೊಟ್ಟರೂ 168ಕ್ಕೆ 13,440 ಬರುತ್ತದೆ. ಖರ್ಚು ಕಳೆದು 4,100ರ ಮೇಲೆ. ಅದರಲ್ಲಿ ಮೇಜಿನ ಬಾಡಿಗೆ, ಇಬ್ಬರ ಓಡಾಟ ತೆಗೆಯಬೇಕು ನಿಜ. ಆದರೂ ಹಣ ಅವತ್ತೇ ಕೈಸೇರುತ್ತದೆ. ಇನ್ನು ಸಂಜೀವಿನಿಯ (ಸ್ವಸಹಾಯ ಸಂಘಗಳ ಸರ್ಕಾರಿ ಯೋಜನೆ) ಸರಸ್ ಮೇಳ, ಜಿಕೆವಿಕೆಯ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ) ಕೃಷಿ ಮೇಳ. ಮೇಳದಲ್ಲಿ ಮಾಲು ಖಾಲಿಯಾಗುವುದು ದೊಡ್ಡದಲ್ಲ, ಅಲ್ಲಿ ಕೊಂಡವರ ಫೋನ್ ನಂಬರ್ ಬರೆದುಕೊಂಡು ತಿಂಗಳು ಬಿಟ್ಟು ವಾಟ್ಸಾಪಿನಲ್ಲಿ ಕೇಳುವುದು ಮುಖ್ಯ. ಮಾಲ್ಟ್ ದಿನವೂ ಕುಡಿಯುವ ಮನೆಗೆ ತಿಂಗಳಿಗೆ ಒಂದು ಕೆಜಿ ಬೇಕೇ ಬೇಕು. ಅಂಥ 80 ಮನೆ ಸಿಕ್ಕಿದರೆ ತಿಂಗಳಿಗೆ ಒಂದು ಬ್ಯಾಚು ಮಾರಾಟವಾದಂತೆಯೇ.

ಅಂಗಡಿಗೆ ಇಡಲೇಬೇಕೆಂದರೆ ಒಂದೇ ಬಡಾವಣೆಯ ಮೂರು ನಾಲ್ಕು ಅಂಗಡಿಗೆ ಇಡಿ. ಯಲಹಂಕದಲ್ಲೊಂದು, ಜಯನಗರದಲ್ಲೊಂದು, ವೈಟ್‌ಫೀಲ್ಡಲ್ಲೊಂದು ಅಂತ ಹರಡಿದರೆ ಬಾಕಿ ವಸೂಲಿಗೆ ಓಡಾಡುವ ಪೆಟ್ರೋಲಿಗೇ ಲಾಭ ಹೋಗುತ್ತದೆ. ‘ಮಾರಾಟವಾದ ಮೇಲೆ ಹಣ’ ಎನ್ನುವ ಅಂಗಡಿಗೆ ಮೊದಲ ಸಲ 12 ಪೊಟ್ಟಣಕ್ಕಿಂತ ಹೆಚ್ಚು ಕೊಡಬೇಡಿ. ಎರಡನೇ ಕಂತು ಮೊದಲನೇದರ ಹಣ ಬಂದ ಮೇಲೆ.

ಲೆಕ್ಕದ_ಹಾಳೆ
@ಗಾಂಧಿಬಜಾರು_ಗಲ್ಲಾ ನೇರ ಮಾರಾಟದ ಮಾತು ಒಪ್ಪಿದೆ. ಗಿರಣಿಯ ಆದಾಯವನ್ನು ಆರು ಜನಕ್ಕೆ ಹಂಚಿ ಎಂದು ನಾನು ಹೇಳಿಲ್ಲ. ಗಿರಣಿ ಕರೆಂಟು ಬಿಲ್ಲು, ಸಾಲದ ಕಂತು ಕಟ್ಟಬೇಕು, ಮಾಲ್ಟ್ ಕೂಲಿ ಕೊಡಬೇಕು. ಮಾಲ್ಟ್ ಮಾರಾಟ ಒಂದು ತಿಂಗಳು ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲವಲ್ಲ, ಅದಕ್ಕೆ ಗಿರಣಿ ಬೇಕು. ಹತ್ತಿರದಲ್ಲಿ ಇನ್ನೊಂದು ಗಿರಣಿ ಇದೆಯೇ ಎಂಬುದನ್ನು ಮಾತ್ರ ಮೊದಲು ತಿಳಿಸಿ.

ಬನಶಂಕರಿ_ಸಂಜೆ
ಹತ್ತಿರದ ಗಿರಣಿ 9 ಕಿಲೋಮೀಟರ್. ಬಸ್ಸಲ್ಲಿ ಮೂಟೆ ಹಾಕಿಕೊಂಡು ಹೋಗಿ ಸಂಜೆ ಬಸ್ಸಿಗೆ ವಾಪಸ್ ಬರ್ತಾರೆ, ಅರ್ಧ ದಿನದ ಕೂಲಿ ಹೋಗುತ್ತೆ. ಕರೆಂಟು ಊರೊಳಗೆ ಸಿಂಗಲ್ ಫೇಸ್, ವೋಲ್ಟೇಜು ಬರೆದಿಡೋಕೆ ಹೇಳಿದ್ದೀನಿ. ಮಾಲ್ಟ್ ಮಾಡೋ ಕ್ರಮ ಯಾರಾದರೂ ಸರಿಯಾಗಿ ಹೇಳ್ತೀರಾ? ಅವರು ಮನೆಮಟ್ಟಿಗೆ ಮಾಡೋದು ಚೆನ್ನಾಗೇ ಇರುತ್ತೆ, 20 ಕೆಜಿ ಒಟ್ಟಿಗೆ ಮಾಡಿದಾಗ ಹುಳಿ ವಾಸನೆ ಬಂತಂತೆ.

ಹೆಬ್ಬಾಳ_ಆಹಾರ
ಹುಳಿ ವಾಸನೆಗೆ ಕಾರಣ ಹೆಚ್ಚಿನ ಪಾಲು ಎರಡೇ: ನೆನೆಸಿದ ನೀರು ಬದಲಿಸದಿರುವುದು, ಮೊಳಕೆ ಕಟ್ಟಿದ ಗಂಟು ದಪ್ಪವಾಗಿರುವುದು. ಮೊಳಕೆ ಬರುವಾಗ ಕಾಳು ಉಸಿರಾಡುತ್ತದೆ, ಕಾವು ಹುಟ್ಟುತ್ತದೆ. ಎರಡು ಕೆಜಿ ಗಂಟಿನಲ್ಲಿ ಆ ಕಾವು ಹೊರಗೆ ಹೋಗುತ್ತದೆ, 20 ಕೆಜಿಯ ಮೂಟೆಯ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ನಡುವಿನ ಕಾಳು ಬೇಯುವಷ್ಟು ಬಿಸಿಯಾಗಿ ಬ್ಯಾಕ್ಟೀರಿಯಾ ಹಿಡಿಯುತ್ತದೆ.

ಕ್ರಮ ಹೀಗೆ. ರಾಗಿಯನ್ನು ಮೊದಲು ಜರಡಿ ಹಿಡಿದು, ಆಮೇಲೆ ನೀರಲ್ಲಿ ಜಾಲಿಸಬೇಕು. ರಸ್ತೆಯ ಮೇಲೆ ಒಕ್ಕಿದ ರಾಗಿಯಲ್ಲಿ ಸಣ್ಣ ಜಲ್ಲಿ ಇದ್ದೇ ಇರುತ್ತದೆ. ಕಲ್ಲು ತಳಕ್ಕೆ ಕೂರುತ್ತದೆ, ಜೊಳ್ಳು ಮೇಲೆ ತೇಲುತ್ತದೆ, ನಡುವಿನದನ್ನು ಎತ್ತಿಕೊಳ್ಳಿ. ನೀರು ತಿಳಿಯಾಗುವವರೆಗೆ ತೊಳೆಯಿರಿ, ನಾಲ್ಕೈದು ಸಲವಾದರೂ ಬೇಕು. ಕುಡಿಯುವ ನೀರೇ ಆಗಬೇಕು, ಕೆರೆ ನೀರು ಬೇಡ. ಕಾಳಿನ ಮೂರರಷ್ಟು ನೀರಲ್ಲಿ 10ರಿಂದ 12 ಗಂಟೆ ನೆನೆಸಿ, ನಾಲ್ಕು ಗಂಟೆಗೊಮ್ಮೆ ನೀರು ಬದಲಿಸಿ. ಬಸಿದ ಮೇಲೆ ಗೋಣಿಚೀಲಕ್ಕೆ ತುಂಬಬೇಡಿ. ಬಿದಿರಿನ ತಟ್ಟೆ ಅಥವಾ ತೂತಿರುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ಒದ್ದೆ ಬಟ್ಟೆ ಹಾಸಿ ಮೂರು ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಮೇಲೊಂದು ಒದ್ದೆ ಬಟ್ಟೆ. ಎಂಟು ಗಂಟೆಗೊಮ್ಮೆ ಕೈಯಾಡಿಸಿ, ನೀರು ಚಿಮುಕಿಸಿ. ಬೇಸಿಗೆಯಲ್ಲಿ 24 ಗಂಟೆ ಸಾಕು, ಡಿಸೆಂಬರಿನ ಚಳಿಯಲ್ಲಿ 36ರಿಂದ 48 ಬೇಕಾಗಬಹುದು. ಗಡಿಯಾರ ನೋಡಬೇಡಿ, ಬೇರು ನೋಡಿ: ಅರ್ಧ ಸೆಂಟಿಮೀಟರ್ ಬಂದಾಗ ನಿಲ್ಲಿಸಿ. ಒಂದು ಸೆಂಟಿಮೀಟರ್ ದಾಟಿದರೆ ಹಿಟ್ಟು ಕಹಿ, ತೂಕವೂ ಕಡಿಮೆ.

ಒಣಗಿಸುವಾಗ ತೆಳುವಾಗಿ ಹರಡಿ, ಚದರ ಮೀಟರಿಗೆ ಸುಮಾರು 3 ಕೆಜಿ ಹಸಿ ಕಾಳು. 12 ಅಡಿ ಅಗಲ, 18 ಅಡಿ ಉದ್ದದ ಟಾರ್ಪಾಲಿನಲ್ಲಿ 60 ಕೆಜಿ ಮಾತ್ರ ಹಿಡಿಯುತ್ತದೆ. 100 ಕೆಜಿ ರಾಗಿ ಮೊಳಕೆಯಾದಾಗ ತೂಕ ಒಂದೂವರೆಯಷ್ಟಾದರೂ ಆಗುವುದರಿಂದ ಅಂಥ ಮೂರು ಟಾರ್ಪಾಲು ಇಲ್ಲದೆ ಒಂದೇ ಸಲಕ್ಕೆ 100 ಕೆಜಿಗೆ ಕೈಹಾಕಬೇಡಿ. ಮೊದಲ ದಿನ ಗಂಟೆಗೊಮ್ಮೆ ತಿರುವಿ. ನೆಲದಿಂದ ಎತ್ತರಕ್ಕೆ ಮಂಚದಂಥ ಚೌಕಟ್ಟು ಮಾಡಿದರೆ ಕೋಳಿ, ಮೇಕೆ, ಧೂಳು ಮೂರನ್ನೂ ತಪ್ಪಿಸಬಹುದು. ಒಂದು ಸಣ್ಣ ಪಾಲನ್ನು ಬೆಳಗ್ಗೆ ಸಂಜೆ ತೂಗಿ, ಎರಡು ಸಲ ತೂಕ ಬದಲಾಗದಿದ್ದರೆ ಒಣಗಿದೆ ಎಂದು ಲೆಕ್ಕ. ಒಂದು ಕಾಳು ಕಚ್ಚಿದರೆ ಕಟ್ ಎಂದು ಒಡೆಯಬೇಕು.

ಒಣಗಿದ ಮೇಲೆ ಗೋಣಿಯ ಮೇಲೆ ಹಾಕಿ ಅಂಗೈಯಿಂದ ಉಜ್ಜಿ, ಬೇರು ಪುಡಿಯಾಗಿ ಉದುರುತ್ತದೆ. ಮೊರದಲ್ಲಿ ಕೇರಿ ಬೇರೆಲ್ಲ ತೆಗೆಯಿರಿ, ಕಹಿ ಇರುವುದು ಅದರಲ್ಲೇ.

ಹುರಿಯುವ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಮೊಳಕೆ ಬರಿಸುವುದೇ ಅಮೈಲೇಸ್ ಎಂಬ ಕಿಣ್ವಕ್ಕಾಗಿ. ಅದು ಪಿಷ್ಟವನ್ನು ಒಡೆದು ಗಂಜಿಯನ್ನು ತೆಳುವಾಗಿಸುತ್ತದೆ, ಹಾಗಾಗಿ ಅದೇ ಲೋಟದಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಕುಡಿಯಲೂ ಸುಲಭ. ಘಮ ಬರಲೆಂದು ಕೆಂಪಗೆ ಹುರಿದರೆ ಕಿಣ್ವ ಸತ್ತು ಹೋಗಿ ಅದು ಸಾಮಾನ್ಯ ಹುರಿಹಿಟ್ಟಾಗುತ್ತದೆ, ಗಂಜಿ ಗಟ್ಟಿಯಾಗುತ್ತದೆ. ಪೂರ್ತಿ ಒಣಗಿದ ಕಾಳನ್ನು 70 ಡಿಗ್ರಿ ಆಸುಪಾಸಿನಲ್ಲಿ ಕೆಲವೇ ನಿಮಿಷ ಬಿಸಿ ಮಾಡಿದರೆ ಸಾಕು, ಕೈಯಲ್ಲಿ ಹಿಡಿಯಲು ಕಷ್ಟವಾಗುವಷ್ಟು. ಹಸಿ ಇರುವಾಗ ಕಾಯಿಸಿದರೆ ಕಿಣ್ವ ಇನ್ನೂ ಬೇಗ ಸಾಯುತ್ತದೆ.

ಬನಶಂಕರಿ_ಸಂಜೆ
ತುಂಬಾ ಉಪಕಾರ ಆಯ್ತು ಮೇಡಂ. ಮಳೆಗಾಲದಲ್ಲಿ ಒಣಗಿಸೋದು ಹೇಗೆ? ವರ್ಷಪೂರ್ತಿ ಮಾಲು ಕೊಡ್ತೀರಾ ಅಂತ ಇಲ್ಲಿ ಬೆಂಗಳೂರಲ್ಲಿ ಕೇಳ್ತಾರೆ.

ಹೆಬ್ಬಾಳ_ಆಹಾರ
ಆ ಕಡೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ಎರಡು ತಿಂಗಳು ಬಿಸಿಲು ನಂಬಿ ಮೊಳಕೆ ಕಟ್ಟಬೇಡಿ. ಹಸಿ ಕಾಳು ಒಂದೂವರೆ ದಿನ ಒಣಗದೆ ಉಳಿದರೆ ಬೂಷ್ಟು ಖಚಿತ, ಬೂಷ್ಟು ಹಿಡಿದದ್ದನ್ನು ಮತ್ತೆ ಒಣಗಿಸಿ ಬೀಸುವುದು ಅಪಾಯ, ವಿಷ ಹುರಿದರೂ ಹೋಗುವುದಿಲ್ಲ. ಅಂಥ ಬ್ಯಾಚು ಎಸೆಯಲೇಬೇಕು, ದನಕ್ಕೂ ಹಾಕಬಾರದು.

ಆಗಸ್ಟಿನೊಳಗೆ ಮೊಳಕೆ ಬರಿಸಿ, ಒಣಗಿಸಿ, ಬೇರು ತೆಗೆದು, ಕಾಳಾಗಿಯೇ ಗಾಳಿಯಾಡದ ಡಬ್ಬದಲ್ಲಿಡಿ. ಆರ್ಡರ್ ಬಂದಾಗ ಬೀಸಿ. ಹಿಟ್ಟಾದ ಮೇಲೆ ಎಣ್ಣೆಯಂಶ ಗಾಳಿಗೆ ತೆರೆದುಕೊಂಡು ಕಮಟು ಬರುತ್ತದೆ, ಕಾಳಾಗಿ ಬಹಳ ಕಾಲ ತಡೆಯುತ್ತದೆ. ಮಾಮೂಲಿ ರಾಗಿಯನ್ನಂತೂ ಹಗೇವಿನಲ್ಲಿ (ನೆಲದೊಳಗಿನ ಕಣಜ) ವರ್ಷಗಟ್ಟಲೆ ಇಡುತ್ತಿದ್ದ ನಾಡಿದು, ಅದರ ಚಿಂತೆ ಬೇಡ.

ದುಡ್ಡು ಕೂಡಿದ ಮೇಲೆ ಸೌರ ಒಣಗುಮನೆ ಮಾಡಿಸಬಹುದು: ಜಿಐ ಕೊಳವೆಯ ಚೌಕಟ್ಟು, ಬಿಸಿಲಿಗೆ ಹಾಳಾಗದ 200 ಮೈಕ್ರಾನ್ ಯುವಿ ಪ್ಲಾಸ್ಟಿಕ್ ಹಾಳೆ, ಒಳಗೆ ಜಾಲರಿ ತಟ್ಟೆ, ಮೇಲೆ ಗಾಳಿ ಹೊರಹಾಕುವ ಫ್ಯಾನು. ಫ್ಯಾನು ಇಲ್ಲದಿದ್ದರೆ ಒಳಗೆ ಹಬೆ ಕಟ್ಟಿ ಹನಿ ಮತ್ತೆ ಕಾಳಿನ ಮೇಲೇ ಬೀಳುತ್ತದೆ.

ಪೀಣ್ಯ_ಮೋಟಾರು
ಯಂತ್ರಕ್ಕೆ ಬರ್ತೀನಿ. ಊರಿನವರಿಗೆ ಮುದ್ದೆ ಹಿಟ್ಟಿಗೆ 12 ಇಂಚಿನ ಕಲ್ಲಿನ ಗಿರಣಿ, 3 ಎಚ್‌ಪಿ ಸಿಂಗಲ್ ಫೇಸ್ ಸಾಕು. ಕಲ್ಲು ಹೊಸದಿದ್ದಾಗ ಗಂಟೆಗೆ 25–30 ಕೆಜಿ ಬರುತ್ತೆ, ಹಲ್ಲು ಸವೆದಂತೆ ಕಡಿಮೆಯಾಗುತ್ತೆ. ಪಲ್ವರೈಸರ್ ಬೇರೆ ಜಾತಿ, ಸುತ್ತಿಗೆ ಹೊಡೆದು ಜಾಲರಿಯಿಂದ ಹೊರಹಾಕುತ್ತೆ. ಮೆಣಸಿನಪುಡಿ, ಸಾಂಬಾರು ಪುಡಿಗೆ ಅದೇ ಸರಿ. ಆದರೆ ಒಂದೇ ಯಂತ್ರದಲ್ಲಿ ಮೆಣಸಿನಕಾಯಿ, ಮಾಲ್ಟ್ ಎರಡೂ ಬೀಸಲೇಬೇಡಿ. ಎಷ್ಟು ಒರೆಸಿದರೂ ಖಾರ ಉಳಿಯುತ್ತೆ, ಒಂದು ಪೊಟ್ಟಣದಲ್ಲಿ ಖಾರ ಸಿಕ್ಕಿದರೆ ಆ ಗಿರಾಕಿ ಮುಗಿದ ಹಾಗೆ.

ಬೀಸುವಾಗ ಕಲ್ಲು ಬಿಗಿ ಮಾಡಿದಷ್ಟೂ ಹಿಟ್ಟು ನುಣ್ಣಗೆ, ಆದರೆ ಬಿಸಿ. ಕೈಗೆ ಸುಡುವಷ್ಟು ಬಿಸಿ ಹಿಟ್ಟು ಬಂದರೆ ಕಲ್ಲು ಸಡಿಲಿಸಿ ಎರಡು ಸಲ ಬೀಸಿ. ಬಿಸಿ ಹಿಟ್ಟನ್ನು ಹಾಗೇ ಪೌಚಿಗೆ ತುಂಬಿ ಸೀಲ್ ಮಾಡಿದರೆ ಒಳಗೆ ಬೆವರು ಕಟ್ಟಿ ಎರಡು ವಾರದಲ್ಲಿ ಗಂಟು. ಶುಚಿಯಾದ ಬಟ್ಟೆ ಮೇಲೆ ಹರಡಿ ಮೂರು ನಾಲ್ಕು ಗಂಟೆ ಆರಬೇಕು, ಮೇಲೆ ಸೊಳ್ಳೆಪರದೆ ಮುಚ್ಚಿ.

ಕಾಳು ಸುರಿಯೋ ಹಾಪರ್ ಬಾಯಲ್ಲಿ ಒಂದು ಆಯಸ್ಕಾಂತ ಕೂರಿಸಿ, ಮೊಳೆ, ತಂತಿ ಚೂರು ಹಿಡಿಯುತ್ತೆ. ಬೆಲ್ಟಿಗೆ ಜಾಲರಿ ಕವಚ ಇಲ್ಲದೆ ಯಂತ್ರ ತಗೋಬೇಡಿ. ಸೀರೆ ಸೆರಗು, ಬಿಚ್ಚಿದ ಕೂದಲು ಬೆಲ್ಟಿಗೆ ಸಿಕ್ಕಿ ಜೀವ ಹೋಗಿರೋ ಕಸುಬು ಇದು. ತಲೆಗೆ ಬಟ್ಟೆ ಕಟ್ಟಿ, ಸೆರಗು ಸಿಕ್ಕಿಸಿ ಕೆಲಸ ಮಾಡಲಿ.

ಕೊಳ್ಳುವಾಗ ಅವರ ಊರಿನ ಒಣ ರಾಗಿ 10 ಕೆಜಿ ತಂದು ಅಂಗಡಿಯಲ್ಲೇ ಬೀಸಿ ನೋಡಿ, ಮೋಟಾರಿನ ತಾಮ್ರ ವೈಂಡಿಂಗ್ ಬಿಲ್ಲಿನಲ್ಲಿ ಬರೆಸಿ. ಬಿಡಿಭಾಗ ಕೊಳ್ಳೇಗಾಲದಲ್ಲೋ ಮೈಸೂರಲ್ಲೋ ಸಿಗೋ ಕಂಪನಿಯದನ್ನೇ ತಗೊಳ್ಳಿ. ಒಂದು ಬೇರಿಂಗಿಗಾಗಿ ಬೆಂಗಳೂರಿಗೆ ಬರೋ ಹಾಗಾದರೆ ವಾರ ನಿಲ್ಲುತ್ತೆ. ಎರಡು ಕೆಪಾಸಿಟರ್, ಒಂದು ಬೆಲ್ಟು, ಒಂದು ಜೊತೆ ಬೇರಿಂಗ್ ಮೊದಲೇ ತಂದಿಟ್ಟುಕೊಳ್ಳಿ.

ಕಡತ_ಕಟ್ಟು
ಕಾಗದಪತ್ರ. ಆಹಾರ ಸುರಕ್ಷತೆಯ ನೋಂದಣಿ ಮೊದಲು. ಸಣ್ಣ ಘಟಕಕ್ಕೆ ನೋಂದಣಿ ಸಾಕು, ಲೈಸೆನ್ಸ್ ಬೇಡ. ವರ್ಷಕ್ಕೆ 100 ರೂಪಾಯಿ, ಫೋಸ್ಕಾಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ. ಸಿಗುವ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಬರಲೇಬೇಕು. ಮಧ್ಯವರ್ತಿಗಳು ಇದಕ್ಕೇ ಸಾವಿರಗಟ್ಟಲೆ ಕೇಳುತ್ತಾರೆ, ಕೊಡಬೇಡಿ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್, ಪ್ಯಾನ್ ಸಾಕು. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ವಹಿವಾಟು ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಗಡಿ ದಾಟಿ ತಮಿಳುನಾಡಿಗೆ ಮಾರಿದರೆ ಆ ವಿನಾಯಿತಿ ಇಲ್ಲ. ಹನೂರು ಕಡೆಯವರಿಗೆ ಇದು ನೆನಪಿರಲಿ, ಸಂತೆ ಹತ್ತಿರವೇ ಇದೆ. ಗ್ರಾಮ ಪಂಚಾಯಿತಿಯ ಅನುಮತಿ ಪತ್ರವನ್ನು ಬ್ಯಾಂಕಿನವರು ಕೇಳುತ್ತಾರೆ.

ತೂಕದ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಪ್ರತಿ ವರ್ಷ ಹಾಕಿಸಬೇಕು. ಪೊಟ್ಟಣದ ಮೇಲೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಿಸಿದ ದಿನ, ಯಾವ ದಿನದೊಳಗೆ ಬಳಸಬೇಕು, ಬ್ಯಾಚು ಸಂಖ್ಯೆ, ತೆರಿಗೆ ಸೇರಿದ ಎಂಆರ್‌ಪಿ, ಗ್ರಾಮಿಗೆ ಬೀಳುವ ಬೆಲೆ, ದೂರಿಗೆ ಫೋನ್ ನಂಬರ್, ಪದಾರ್ಥಗಳ ಪಟ್ಟಿ, ಸಸ್ಯಾಹಾರದ ಹಸಿರು ಚುಕ್ಕೆ. 500 ಗ್ರಾಂ ಎಂದು ಬರೆದು 490 ತುಂಬಿದರೆ ದಂಡ, 505 ತುಂಬಿ. ಬೀಸಿದ ಹಿಟ್ಟಿಗೆ ಮೂರು ತಿಂಗಳಿಗಿಂತ ಹೆಚ್ಚಿನ ಅವಧಿ ಹಾಕಬೇಡಿ, ಅದಕ್ಕೂ ಮೊದಲು ಕೆಲವು ಪೊಟ್ಟಣ ತೆಗೆದಿಟ್ಟು ಪ್ರತಿ ತಿಂಗಳು ಒಂದನ್ನು ಒಡೆದು ನೋಡಿ.

ಒಂದು ದೊಡ್ಡ ಎಚ್ಚರಿಕೆ. ರಾಗಿ ಮಾಲ್ಟ್ ಅಂದ ತಕ್ಷಣ ಲೇಬಲ್ ಮೇಲೆ ಮಗುವಿನ ಚಿತ್ರ, ‘6 ತಿಂಗಳಿನಿಂದ ಕೊಡಬಹುದು’ ಎಂಬ ಸಾಲು ಹಾಕಿಸುತ್ತಾರೆ. ಹಾಗೆ ಹಾಕಿದರೆ ಅದು ಶಿಶು ಆಹಾರವಾಗುತ್ತದೆ. 1992ರ ಶಿಶು ಆಹಾರ ಕಾಯ್ದೆಯ ಪ್ರಕಾರ ಅಂಥ ಪೊಟ್ಟಣದ ಮೇಲೆ ಮಗುವಿನ ಚಿತ್ರವೇ ನಿಷಿದ್ಧ, ಜಾಹೀರಾತೂ ನಿಷಿದ್ಧ. ಮಾನದಂಡಗಳೂ ಬೇರೆ, ಹಳ್ಳಿಯ ಘಟಕಕ್ಕೆ ಅದು ನಿಲುಕುವುದಿಲ್ಲ. ‘ಸಕ್ಕರೆ ಕಾಯಿಲೆ ಗುಣವಾಗುತ್ತದೆ’ ಎಂದೂ ಬರೆಯಬೇಡಿ. ಮೊಳಕೆ ರಾಗಿ ಹಿಟ್ಟು ಎಂದಷ್ಟೇ ಬರೆಯಿರಿ.

ಸಂಘ_ಸಾಲ_ಸಬ್ಸಿಡಿ
ಸಬ್ಸಿಡಿ ಕೇಳಿದ್ರಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆ ಇದಕ್ಕೇ ಇರೋದು. ಕೇಂದ್ರದಿಂದ ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಅದರ ಮೇಲೆ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ಮಾಡಿದೆ. ನಮ್ಮ ರಾಜ್ಯದಲ್ಲಿ ಕೆಪೆಕ್ (ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ, ರಫ್ತು ನಿಗಮ) ಸಂಸ್ಥೆ ನೋಡ್ಕೊಳ್ಳುತ್ತೆ. ಕನಿಷ್ಠ ಶೇ 10 ಸಂಘದ ಕೈಯಿಂದ ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ. ಜಾಗದ ಬೆಲೆ ವೆಚ್ಚದಲ್ಲಿ ಸೇರೋದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಸಬ್ಸಿಡಿ ಮೊದಲೇ ಕೈಗೆ ಬರುತ್ತೆ ಅಂತ. ಇಲ್ಲ. ಸಾಲ ಮಂಜೂರಾಗಿ ಬಿಡುಗಡೆಯಾದ ಮೇಲೆ ಅನುದಾನ ಬ್ಯಾಂಕಿನ ಪ್ರತ್ಯೇಕ ಖಾತೆಗೆ ಬಂದು ಕೂರುತ್ತೆ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿದ್ದರೆ ಆಗ ಸಾಲಕ್ಕೆ ಜಮೆ. ನಡುವೆ ಸಾಲ ಕೆಟ್ಟರೆ ಅದೂ ಹೋಗುತ್ತೆ. ಅದಕ್ಕೇ ಮೇಲೆ ಲೆಕ್ಕದ ಹಾಳೆಯವರು ಹೇಳಿದ ಗಿರಣಿ ಆದಾಯ ಬೇಕಾಗೋದು. ಅನುದಾನ ಬಂದು ಕೂತಿರೋವಷ್ಟು ಭಾಗದ ಸಾಲಕ್ಕೆ ಬಡ್ಡಿ ಹಾಕೋ ಹಾಗಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ನೋಡ್ಕೊಳ್ಳಿ.

ಈ ಆರು ಜನಕ್ಕೆ ಇನ್ನೂ ಉಪಯೋಗಕ್ಕೆ ಬರೋದು ಇದೇ ಯೋಜನೆಯ ಬೀಜ ಬಂಡವಾಳ: ಆಹಾರ ಸಂಸ್ಕರಣೆ ಮಾಡ್ತಿರೋ ಸಂಘದ ಸದಸ್ಯರಿಗೆ ತಲಾ 40,000ದವರೆಗೆ. ಆರು ಜನಕ್ಕೆ 2.4 ಲಕ್ಷ. ಸ್ವಸಹಾಯ ಸಂಘಗಳ ಒಕ್ಕೂಟದ ಮೂಲಕ ಬರುತ್ತೆ, ಸಣ್ಣ ಸಲಕರಣೆಗೆ, ದುಡಿಯೋ ಬಂಡವಾಳಕ್ಕೆ ಬಳಸಬಹುದು. ಸದಸ್ಯರು ಅದನ್ನು ಸಂಘಕ್ಕೆ ವಾಪಸ್ ಕಟ್ಟಬೇಕು. ಈಗಾಗಲೇ ಕೆಲಸ ಮಾಡ್ತಿರಬೇಕು ಅನ್ನೋದು ಷರತ್ತು, ಆದ್ದರಿಂದ ಈಗಿನಿಂದಲೇ ಮಾರಾಟದ ರಸೀತಿ, ಖರೀದಿ ಪುಸ್ತಕ ಇಡಲಿ. ಜಿಲ್ಲಾ ಸಂಪನ್ಮೂಲ ವ್ಯಕ್ತಿ ಯೋಜನಾ ವರದಿ ಬರೆದುಕೊಡ್ತಾರೆ, ಅವರಿಗೆ ಹಣ ಯೋಜನೆಯಿಂದಲೇ ಹೋಗುತ್ತೆ, ಸಂಘದಿಂದ ಕೊಡೋದು ಬೇಡ. ದೊಡ್ಡ ಸಾಲ ಬೇಡ ಅನ್ನೋದಾದರೆ ಮುದ್ರಾ ಸಾಲ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000ದವರೆಗೆ ಒಬ್ಬರ ಹೆಸರಲ್ಲಿ ತಗೋಬಹುದು. ಆದರೆ ಸಂಘದ ಗಿರಣಿಗೆ ಒಬ್ಬರ ತಲೆ ಮೇಲೆ ಸಾಲ ಹಾಕೋದು ಜಗಳಕ್ಕೆ ದಾರಿ.

ಗಾಂಧಿಬಜಾರು_ಗಲ್ಲಾ
ಸಾಗಣೆ: ಕೊಳ್ಳೇಗಾಲದಿಂದ ಮಳವಳ್ಳಿ, ಕನಕಪುರ ಮೇಲೆ ಬರುವ ಬಸ್ಸುಗಳಿವೆ. ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ 2021ರಿಂದ ನಡೆಯುತ್ತಿದೆ, ಕೊಳ್ಳೇಗಾಲದಿಂದ ವಿಚಾರಿಸಿ. ಪೊಟ್ಟಣ ನಿಲ್ಲಿಸಿ ಜೋಡಿಸಿ, ಒಂದು ಪೆಟ್ಟಿಗೆಗೆ 20 ಪೊಟ್ಟಣಕ್ಕಿಂತ ಹೆಚ್ಚು ಬೇಡ. ಕೆಳಗಿನ ಸೀಲು ಒಡೆಯುವುದು ಪೆಟ್ಟಿಗೆಯ ಭಾರಕ್ಕೇ. ಊದುಬತ್ತಿ, ಸೋಪು, ಗೊಬ್ಬರದ ಪಕ್ಕ ಇಡಿಸಬೇಡಿ, ಹಿಟ್ಟು ವಾಸನೆ ಹೀರುತ್ತದೆ.

ಬಣ್ಣದಲ್ಲಿ ಮುದ್ರಿಸಿದ ಪೌಚು ಈಗಲೇ ಬೇಡ. ಒಂದೇ ಸಲಕ್ಕೆ ಸಾವಿರಾರು ಮಾಡಿಸಬೇಕಾಗುತ್ತದೆ, ನೋಂದಣಿ ಸಂಖ್ಯೆಯೋ ಬೆಲೆಯೋ ಬದಲಾದರೆ ಎಲ್ಲ ವ್ಯರ್ಥ. ಚಿಕ್ಕಪೇಟೆ ಸುತ್ತಿನ ಪ್ಯಾಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಖಾಲಿ ಲ್ಯಾಮಿನೇಟೆಡ್ ಪೌಚು ನೂರರ ಲೆಕ್ಕದಲ್ಲಿ ಸಿಗುತ್ತದೆ, ಅದಕ್ಕೆ ಸ್ಟಿಕ್ಕರ್ ಅಂಟಿಸಿ. ಸೀಲ್ ಮಾಡಿದ ಪೌಚನ್ನು ನೀರಲ್ಲಿ ಅದ್ದಿ ಒತ್ತಿ ನೋಡಿ, ಗುಳ್ಳೆ ಬಂದರೆ ಸೀಲರಿನ ಬಿಸಿ ಸಾಲದು. ಹಿಟ್ಟಿನ ಧೂಳು ಬಾಯಲ್ಲಿ ಅಂಟಿದ್ದರೂ ಸೀಲು ಕೂರುವುದಿಲ್ಲ, ಒಣ ಬಟ್ಟೆಯಲ್ಲಿ ಒರೆಸಿ ಆಮೇಲೆ ಒತ್ತಿ.

ಬನಶಂಕರಿ_ಸಂಜೆ
ಎಲ್ಲರಿಗೂ ಧನ್ಯವಾದ. ಕೊನೇದಾಗಿ ಒಂದು: ರಾಗಿ ಎಷ್ಟು ದಾಸ್ತಾನು ಮಾಡಬೇಕು, ಎಲ್ಲಿಡಬೇಕು? ಹುಳುವಿಗೆ ಮಾತ್ರೆ ಇಡೋಣ ಅಂತ ಅಂಗಡಿಯವರು ಹೇಳಿದ್ದಾರಂತೆ. ಆನೆ ಕಾಟವೂ ಇದೆ.

ಹೆಬ್ಬಾಳ_ಆಹಾರ
ಮಾತ್ರೆ ಬೇಡವೇ ಬೇಡ. ಅದು ಅಲ್ಯೂಮಿನಿಯಂ ಫಾಸ್ಫೈಡ್, ಗಾಳಿಯ ತೇವಕ್ಕೆ ಫಾಸ್ಫೀನ್ ಅನಿಲ ಬಿಡುತ್ತದೆ. ಮನುಷ್ಯರು ಮಲಗುವ ಮನೆಯಲ್ಲಿ ಇಟ್ಟರೆ ಪ್ರಾಣಕ್ಕೇ ಕುತ್ತು. ರಾಗಿ ಕಾಳು ಸಣ್ಣದು, ಗಟ್ಟಿ, ಚೆನ್ನಾಗಿ ಒಣಗಿದ್ದರೆ ಹುಳು ಹಿಡಿಯುವುದು ಕಡಿಮೆ. ಹುಳು ಬರುವುದು ಹಿಟ್ಟಿಗೆ, ಗಿರಣಿಯ ಮೂಲೆಯಲ್ಲಿ ಉಳಿದ ಹಳೆ ಹಿಟ್ಟಿನಿಂದ. ದಿನದ ಕೆಲಸ ಮುಗಿದ ಮೇಲೆ ಕಲ್ಲಿನ ಸುತ್ತ, ಹಿಟ್ಟು ಬೀಳುವ ಬಾಯಿ, ಗೋಡೆಯ ಸಂದು ಬ್ರಷ್‌ನಿಂದ ಗುಡಿಸಬೇಕು, ಒದ್ದೆ ಬಟ್ಟೆ ಹಾಕಬಾರದು.

ನವೆಂಬರ್–ಡಿಸೆಂಬರ್ ಕೊಯ್ಲು ಮುಗಿದ ಮೇಲೆ ತಿಂಗಳಿಗೊಂದು ಬ್ಯಾಚಿನಂತೆ ಆರು ತಿಂಗಳಿಗಾಗುವಷ್ಟು, ಅಂದರೆ 6 ಕ್ವಿಂಟಲ್ ಸಾಕು. ಒಂದೇ ತಳಿ ಕೊಳ್ಳಿ. ಜಿಪಿಯು-28, ಎಂಎಲ್-365 ಎಲ್ಲ ಬೆರೆತರೆ ಒಂದು ಕಾಳು 20 ಗಂಟೆಗೆ, ಇನ್ನೊಂದು 30 ಗಂಟೆಗೆ ಮೊಳೆಯಬಹುದು. ಕೊಳ್ಳುವ ಮೊದಲು ನೂರು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎರಡು ದಿನ ಬಿಟ್ಟು ಎಣಿಸಿ. 90ಕ್ಕಿಂತ ಕಡಿಮೆ ಮೊಳೆತರೆ ಆ ರಾಗಿ ಮುದ್ದೆಗೆ ಇರಲಿ, ಮಾಲ್ಟಿಗೆ ಬೇಡ.

ಸಂಘ_ಸಾಲ_ಸಬ್ಸಿಡಿ
ಆನೆ ವಿಚಾರ: ರಾಗಿ, ಉಪ್ಪು ಇಟ್ಟ ಮನೆಯ ಗೋಡೆಯನ್ನೇ ಒಡೆದು ತಿನ್ನೋದುಂಟು. ದಾಸ್ತಾನು ಊರಂಚಿನ ಮನೆಯಲ್ಲಿ ಬೇಡ, ಊರ ನಡುವಿನ ಕಾಂಕ್ರೀಟು ಕಟ್ಟಡದಲ್ಲಿಡಿ. ಹಿಂದಿನ ದಿನದ ತೌಡು, ಜೊಳ್ಳು ಹೊರಗೆ ರಾಶಿ ಹಾಕಬೇಡಿ, ಸಂಜೆಯೊಳಗೆ ದನಕರುಗಳಿಗೆ ಹಾಕಿ ಮುಗಿಸಿ. ಅರಣ್ಯ ಇಲಾಖೆಯ ನಷ್ಟ ಪರಿಹಾರಕ್ಕೆ ದಾಸ್ತಾನಿನ ಪುಸ್ತಕ, ಫೋಟೋ ಬೇಕಾಗುತ್ತೆ, ಆದ್ದರಿಂದ ಮೂಟೆ ಒಳಗೆ ಹೋದ ದಿನ, ಹೊರಗೆ ಬಂದ ದಿನ ಬರೆದಿಡಲಿ. ಅದೇ ಪುಸ್ತಕ ಬ್ಯಾಂಕಿಗೂ ಆಗುತ್ತೆ.

ಪೀಣ್ಯ_ಮೋಟಾರು
ವೋಲ್ಟೇಜು ಬರೆದ ಹಾಳೆ ಬಂದ ಮೇಲೆ ಇಲ್ಲಿ ಹಾಕಿ ಸರ್. ಸಂಜೆ 200ಕ್ಕಿಂತ ಕಡಿಮೆ ಇದ್ದರೆ ಬೀಸೋದು ಬೆಳಗ್ಗೆ 6ರಿಂದ 9ಕ್ಕೆ ಇಟ್ಟುಕೊಳ್ಳಲಿ, ಹೆಚ್ಚಿನ ಕಡೆ ಸ್ಟೆಬಿಲೈಜರ್ ಖರ್ಚು ಅಲ್ಲಿಗೇ ತಪ್ಪುತ್ತೆ. ಹಗಲೂ ಕಡಿಮೆ ಇದ್ದರೆ 5 ಕೆವಿಎ ಸ್ಟೆಬಿಲೈಜರ್ ಬೆಲೆಯನ್ನು ಯೋಜನಾ ವರದಿಯಲ್ಲೇ ಸೇರಿಸಿ, ಆಮೇಲೆ ಸೇರಿಸೋಕೆ ಬ್ಯಾಂಕಿನವರು ಒಪ್ಪೋದಿಲ್ಲ. ಕಲ್ಲಿಗೆ ಉಳಿಯಿಂದ ಹಲ್ಲು ಹೊಡೆಯೋ ಕೆಲಸ ಸಂಘದ ಇಬ್ಬರಾದರೂ ಕಲಿಯಲಿ, ಅದಕ್ಕೆ ಪ್ರತಿ ಸಲ ಹೊರಗಿನವರನ್ನು ಕರೆಸೋದು ದುಬಾರಿ. ಹೊಡೆದಾದ ಮೇಲೆ ಮೊದಲು ಎರಡು ಮೂರು ಕೆಜಿ ತೌಡು ಬೀಸಿ ಎಸೆಯಿರಿ, ಕಲ್ಲಿನ ಪುಡಿ ಹಿಟ್ಟಿಗೆ ಬರಬಾರದು.